ಕಳಿಸುವ ಫೋಟೊ ಬೇರೆ, ಇಟ್ಟುಕೊಳ್ಳುವ ಫೋಟೊ ಬೇರೆ

ಪ್ರಶ್ನೆ: ವೈಶಾಖದಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ ಆಯಿತು. ಫೋಟೊಗ್ರಾಫರ್ ಪೆನ್‌ಡ್ರೈವ್‌ನಲ್ಲಿ 412 ಫೋಟೊ ಹಾಕಿ ಕೊಟ್ಟರು. ಒಂದೊಂದೂ 8–9 ಎಂಬಿ ಇದೆ. ಅಮೆರಿಕದಲ್ಲಿರುವ ತಂಗಿಗೆ ಇಮೇಲ್ ಮಾಡಲು ಹೋದರೆ ಎರಡು ಫೋಟೊ ಹೋಗುತ್ತದೆ, ಮೂರನೆಯದಕ್ಕೆ ಆಗುವುದಿಲ್ಲ ಎನ್ನುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಅವಳು ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿದಳು, ಮುಖಗಳೆಲ್ಲ ಮಸುಕು. ಪಕ್ಕದ ಮನೆಯ ಹುಡುಗ ‘ಡಿಪಿಐ 72 ಮಾಡಿ ಆಂಟಿ, ಸಣ್ಣ ಆಗುತ್ತೆ’ ಎಂದ. ಮಾಡಿದೆ, ಒಂದು ಕೆಬಿಯೂ ಕಡಿಮೆ ಆಗಲಿಲ್ಲ. ಕೊನೆಗೆ ಪೇಂಟ್‌ನಲ್ಲಿ ತೆರೆದು, ಶೇಕಡಾ 25 ಎಂದು ಹಾಕಿ, ಸೇವ್ ಮಾಡುತ್ತಾ ಹೋದೆ. 60 ಫೋಟೊ ಮುಗಿದ ಮೇಲೆ ಗೊತ್ತಾಯಿತು, ಪೆನ್‌ಡ್ರೈವ್‌ನಲ್ಲಿದ್ದ ಮೂಲ ಫೋಟೊಗಳೇ ಸಣ್ಣ ಆಗಿಬಿಟ್ಟಿವೆ. ಅದರಲ್ಲಿ ನಮ್ಮ ಅತ್ತೆ ಜಗಲಿಯ ಮೇಲೆ ಕೂತ ಫೋಟೊ ಇದೆ. ಅವರು ಶ್ರಾವಣದಲ್ಲಿ ತೀರಿಕೊಂಡರು. ಅದನ್ನು ಮತ್ತೆ ದೊಡ್ಡದು ಮಾಡಲು ಆಗುತ್ತದೆಯೇ? ಫೋಟೊವನ್ನು ಪದೇ ಪದೇ ತೆರೆದು ನೋಡಿದರೂ ಹಾಳಾಗುತ್ತದೆ ಎನ್ನುತ್ತಾರೆ, ನಿಜವೇ? ಇನ್ನೊಂದು ಮಾತು, ಮಗನ ಬ್ಯಾಂಕ್ ಪರೀಕ್ಷೆಯ ಅರ್ಜಿಗೆ 50 ಕೆಬಿ ಒಳಗಿನ ಫೋಟೊ ಬೇಕಂತೆ. ಅದನ್ನು ಹೇಗೆ ಮಾಡುವುದು?

– ಶಿರಸಿ ಕಡೆಯ ಓದುಗರೊಬ್ಬರು

ಉತ್ತರ: ಎಲ್ಲದಕ್ಕೂ ಉತ್ತರ ಬರೆಯುತ್ತೇನೆ. ಆದರೆ ಅದಕ್ಕೂ ಮೊದಲು ಎರಡು ಕೆಲಸ ಇವತ್ತೇ ಮಾಡಿ. ಓದುವುದನ್ನು ಇಲ್ಲಿಗೇ ನಿಲ್ಲಿಸಿ ಎದ್ದರೂ ಸರಿ.

ಮೊದಲು ಆ ಫೋಟೊಗ್ರಾಫರ್‌ಗೆ ಫೋನ್ ಮಾಡಿ. ಸ್ಟುಡಿಯೊ ಮತ್ತು ಪ್ರಿಂಟಿಂಗ್ ಲ್ಯಾಬ್ ಕೆಲಸದಲ್ಲಿ ನನಗೆ 22 ವರ್ಷ ಆಯಿತು. ಸಮಾರಂಭದ ಫೋಟೊಗಳನ್ನು ನಾವು ಗಿರಾಕಿಗೆ ಕೊಟ್ಟ ಮರುದಿನವೇ ಅಳಿಸುವುದಿಲ್ಲ. ಕೆಲವರು ಆರು ತಿಂಗಳು ಇಟ್ಟಿರುತ್ತಾರೆ, ಕೆಲವರು ವರ್ಷ, ಎರಡು ವರ್ಷ. ಆದರೆ ಹಾರ್ಡ್ ಡಿಸ್ಕ್ ತುಂಬಿದಾಗ ಹಳೆಯ ಕೆಲಸ ಅಳಿಸಿ ಹೊಸದಕ್ಕೆ ಜಾಗ ಮಾಡುತ್ತಾರೆ. ಮದುವೆ ಸೀಸನ್ ಬಂತೆಂದರೆ ಅದು ಯಾವತ್ತು ಬೇಕಾದರೂ ಆಗಬಹುದು. ‘ಗೃಹಪ್ರವೇಶದ ಫೈಲ್ ಇದೆಯಾ, ದಯವಿಟ್ಟು ಅಳಿಸಬೇಡಿ, ನಾಳೆ ಹೊಸ ಪೆನ್‌ಡ್ರೈವ್ ತರ್ತೀನಿ’ ಎಂದು ಹೇಳಿ. ಸಂಕೋಚ ಬೇಡ. ಇಂಥ ಫೋನ್ ನಮಗೆಲ್ಲ ಬರುತ್ತಲೇ ಇರುತ್ತದೆ.

ಎರಡನೆಯದು, ನಿಮ್ಮ ಹತ್ತಿರ ಇರುವ ಪೆನ್‌ಡ್ರೈವ್ ಅನ್ನು ಈಗಲೇ ತೆಗೆದಿಡಿ. ಅದಕ್ಕೆ ಹೊಸದಾಗಿ ಏನನ್ನೂ ಹಾಕಬೇಡಿ. ಫೈಲ್ ಮೇಲೆ ಫೈಲ್ ಸೇವ್ ಆದಾಗ ಹಳೆಯದರ ತುಣುಕುಗಳು ಕೆಲವೊಮ್ಮೆ ಪೆನ್‌ಡ್ರೈವ್‌ನ ಬೇರೆ ಮೂಲೆಯಲ್ಲಿ ಉಳಿದಿರುತ್ತವೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶದಿಂದ ಅವನ್ನು ಹುಡುಕಬಹುದು. ಕಂಪ್ಯೂಟರ್ ರಿಪೇರಿ ಗೊತ್ತಿರುವವರ ಹತ್ತಿರ ಮಾಡಿಸಿ. ಸಿಕ್ಕ ಫೈಲುಗಳನ್ನು ಅದೇ ಪೆನ್‌ಡ್ರೈವ್‌ಗೆ ಹಾಕಬಾರದು, ಕಂಪ್ಯೂಟರ್‌ಗೆ ಇಳಿಸಬೇಕು. ಸಿಕ್ಕೇ ಸಿಗುತ್ತದೆ ಎಂದು ಮಾತು ಕೊಡಲಾರೆ. ಆದರೆ ನೀವು ಆ ಡ್ರೈವ್ ಅನ್ನು ಎಷ್ಟು ಕಡಿಮೆ ಮುಟ್ಟುತ್ತೀರೋ ಅಷ್ಟು ಒಳ್ಳೆಯದು.

ಈಗ ನಿಧಾನವಾಗಿ ಮಾತಾಡೋಣ.

ನಿಮ್ಮಿಂದ ದೊಡ್ಡ ತಪ್ಪೇನೂ ಆಗಿಲ್ಲ. ಫೋಟೊ ಸಣ್ಣದು ಮಾಡಿದ್ದು ತಪ್ಪಲ್ಲ, ಮೂಲದ ಮೇಲೆಯೇ ಸೇವ್ ಮಾಡಿದ್ದಷ್ಟೇ ತೊಂದರೆ. ಕಳಿಸಲಿಕ್ಕೆ ಒಂದು ಫೋಟೊ, ಇಟ್ಟುಕೊಳ್ಳಲಿಕ್ಕೆ ಒಂದು ಫೋಟೊ, ಹೀಗೆ ಎರಡು ಬೇರೆ ಬೇರೆ ಫೈಲ್ ಇರಬೇಕು. ಅದನ್ನು ಯಾರೂ ನಿಮಗೆ ಹೇಳಿಕೊಟ್ಟಿರಲಿಲ್ಲ. ಪೇಂಟ್ ಕೂಡ ‘ಹಳೆಯದು ಹೋಗುತ್ತದೆ, ಸರಿಯಾ?’ ಎಂದು ಕೇಳುವುದಿಲ್ಲ.

ಫೋಟೊ ಎಂದರೆ ಒಳಗೆ ಏನಿರುತ್ತದೆ ಎಂದು ತಿಳಿದರೆ ನಿಮ್ಮ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ನೀವು ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕಿದವರು ಅಲ್ವಾ? ಡಿಜಿಟಲ್ ಫೋಟೊ ಕೂಡ ಚುಕ್ಕಿಗಳೇ. ಒಂದೊಂದು ಚುಕ್ಕಿಗೂ ಒಂದು ಬಣ್ಣ. ಆ ಚುಕ್ಕಿಯನ್ನೇ ಪಿಕ್ಸೆಲ್ ಅನ್ನುತ್ತಾರೆ. ನಿಮ್ಮ ಫೋಟೊಗ್ರಾಫರ್ ಬಳಸಿದ್ದು 24 ಮೆಗಾಪಿಕ್ಸೆಲ್ ಕ್ಯಾಮೆರಾ ಇರಬೇಕು, ಫೈಲಿನ ತೂಕ ನೋಡಿದರೆ ಹಾಗನಿಸುತ್ತದೆ. ಅಂದರೆ ಅಡ್ಡಕ್ಕೆ 6000 ಚುಕ್ಕಿ, ಉದ್ದಕ್ಕೆ 4000 ಚುಕ್ಕಿ. ಒಟ್ಟು 2 ಕೋಟಿ 40 ಲಕ್ಷ. ಒಳ್ಳೆಯ ಟಿವಿಯಲ್ಲಿ, ಅಂದರೆ ಫುಲ್ ಎಚ್‌ಡಿ ಪರದೆಯಲ್ಲಿ, ಇರುವುದು 1920ಕ್ಕೆ 1080, ಸುಮಾರು 20 ಲಕ್ಷ ಚುಕ್ಕಿ ಮಾತ್ರ. ನಿಮ್ಮ ತಂಗಿ ಫೋಟೊವನ್ನು ಅಂಥ ಪರದೆಯಲ್ಲಿ ನೋಡಿದರೆ ಅವಳ ಕಣ್ಣಿಗೆ ಬೀಳುವುದು ಇದ್ದದ್ದರಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲ. ಆದ್ದರಿಂದ ನೋಡಲಿಕ್ಕೆ ಕಳಿಸುವ ಫೋಟೊ ಸಣ್ಣದಾದರೆ ನಷ್ಟವಿಲ್ಲ. ಧೈರ್ಯವಾಗಿ ಸಣ್ಣದು ಮಾಡಿ.

ಇಲ್ಲಿ ಒಂದು ಲೆಕ್ಕ ಎಲ್ಲರಿಗೂ ತಪ್ಪುತ್ತದೆ. ನೀವು ಶೇಕಡಾ 25 ಎಂದು ಹಾಕಿದಿರಿ. ನಾಲ್ಕರಲ್ಲಿ ಒಂದು ಪಾಲು ಉಳಿಯಿತು ಅಂದುಕೊಂಡಿರಿ. ಹಾಗಲ್ಲ. ಅಡ್ಡಕ್ಕೂ ಕಾಲು, ಉದ್ದಕ್ಕೂ ಕಾಲು. 16 ಚುಕ್ಕಿ ಇದ್ದ ಕಡೆ ಒಂದು ಚುಕ್ಕಿ ಉಳಿಯಿತು. 6000ಕ್ಕೆ 4000 ಇದ್ದದ್ದು 1500ಕ್ಕೆ 1000 ಆಯಿತು. ಈ ಅಂಕಿ ನೆನಪಿಟ್ಟುಕೊಳ್ಳಿ, ಅತ್ತೆಯವರ ಫೋಟೊ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಡಿಪಿಐ ಕಥೆಯೂ ರಂಗೋಲಿಯದ್ದೇ. ಹದಿನೈದು ಚುಕ್ಕಿಯ ರಂಗೋಲಿಯನ್ನು ದೇವರ ಕೋಣೆಯಲ್ಲಿ ಹತ್ತಿರ ಹತ್ತಿರ ಇಟ್ಟು ಹಾಕಬಹುದು, ಅಂಗಳದಲ್ಲಿ ದೂರ ದೂರ ಇಟ್ಟೂ ಹಾಕಬಹುದು. ಚುಕ್ಕಿಗಳ ಎಣಿಕೆ ಬದಲಾಗುವುದಿಲ್ಲ. ಪ್ರಿಂಟ್ ಹಾಕುವಾಗ ಒಂದು ಇಂಚಿಗೆ ಎಷ್ಟು ಚುಕ್ಕಿ ಕೂರಿಸಬೇಕು ಎಂದು ಫೈಲ್ ಒಳಗೆ ಬರೆದಿಟ್ಟ ಒಂದು ಚೀಟಿ ಅಷ್ಟೇ ಈ ಡಿಪಿಐ. ಚೀಟಿಯಲ್ಲಿ 300 ಅಳಿಸಿ 72 ಎಂದು ಬರೆದರೆ ಫೈಲಿನ ತೂಕ ಇಳಿಯುವುದಿಲ್ಲ. ಪಕ್ಕದ ಮನೆಯ ಹುಡುಗನದ್ದು ತಪ್ಪಲ್ಲ. ಕೆಲವು ತಂತ್ರಾಂಶಗಳಲ್ಲಿ ಡಿಪಿಐ ಬದಲಿಸಿದರೆ ಚುಕ್ಕಿಗಳೂ ಜೊತೆಗೇ ಕಡಿಮೆ ಆಗುವಂತೆ ಒಂದು ಟಿಕ್ ಇರುತ್ತದೆ. ಅವನು ಅದನ್ನು ನೋಡಿರಬೇಕು.

ಚುಕ್ಕಿಗಳ ಎಣಿಕೆ ಒಂದು ಸಂಗತಿ. ಫೈಲಿನ ತೂಕ, ಅಂದರೆ ಎಂಬಿ, ಇನ್ನೊಂದು ಸಂಗತಿ. ಒಂದೊಂದು ಚುಕ್ಕಿಯ ಬಣ್ಣ ಬರೆದಿಡಲು 3 ಬೈಟ್ ಬೇಕು ಎಂದರೆ 2 ಕೋಟಿ 40 ಲಕ್ಷ ಚುಕ್ಕಿಗೆ 72 ಎಂಬಿ ಆಗಬೇಕಿತ್ತು. ನಿಮ್ಮ ಹತ್ತಿರ ಇರುವುದು 9 ಎಂಬಿ. ಉಳಿದದ್ದನ್ನು ಜೆಪೆಗ್ ವಿಧಾನ ಹಿಂಡಿ ತೆಗೆದಿದೆ. ಫೋಟೊವನ್ನು 8ಕ್ಕೆ 8 ಚುಕ್ಕಿಯ ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸೂಕ್ಷ್ಮ ಏರಿಳಿತವನ್ನು ಬಿಟ್ಟುಬಿಡುವುದು ಅದರ ಉಪಾಯ. ನಮ್ಮ ಕಣ್ಣು ಬೆಳಕು ನೆರಳಿನ ವ್ಯತ್ಯಾಸವನ್ನು ಚೆನ್ನಾಗಿ ಹಿಡಿಯುತ್ತದೆ, ಬಣ್ಣದ ಸಣ್ಣ ವ್ಯತ್ಯಾಸವನ್ನು ಅಷ್ಟು ಹಿಡಿಯುವುದಿಲ್ಲ. ಅದನ್ನೂ ಜೆಪೆಗ್ ಬಳಸಿಕೊಳ್ಳುತ್ತದೆ. ತೀರಾ ಜಾಸ್ತಿ ಹಿಂಡಿದಾಗ ಆ ಚೌಕಗಳೇ ಕಣ್ಣಿಗೆ ಕಾಣತೊಡಗುತ್ತವೆ. ಮುಖದ ಮೇಲೆ ‘ಚೌಕ ಚೌಕ’ ಬಂದಿದೆ ಎಂದು ಗಿರಾಕಿಗಳು ದೂರುವುದು ಇದನ್ನೇ.

ಈ ಜೆಪೆಗ್‌ನ ಬೇರಿನಲ್ಲಿರುವ ಗಣಿತವನ್ನು ಕಂಡುಹಿಡಿದವರು ನಮ್ಮ ಬೆಂಗಳೂರಲ್ಲಿ ಹುಟ್ಟಿದವರು. ಹೆಸರು ನಾಸಿರ್ ಅಹ್ಮದ್, 1940ರಲ್ಲಿ ಜನನ. ಬೆಂಗಳೂರಿನ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋಗಿ, ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. 1972ರಲ್ಲಿ ಈ ಯೋಚನೆಯ ಮೇಲೆ ಕೆಲಸ ಮಾಡಲು ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನಿಂದ ಹಣ ಕೇಳಿದರು. ಸಿಗಲಿಲ್ಲ. ಅವರು ಬಿಡಲಿಲ್ಲ. 1974ರ ಜನವರಿಯಲ್ಲಿ ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರ ಜೊತೆ ಪ್ರಬಂಧ ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಅದಕ್ಕೆ ಹೆಸರು. 1992ರಲ್ಲಿ ಜೆಪೆಗ್ ಮಾನದಂಡ ಬಂದಾಗ ಅದರ ಹೃದಯದಲ್ಲಿ ಇದ್ದದ್ದು ಇದೇ. ನಿಮ್ಮ ಗೃಹಪ್ರವೇಶದ ಪ್ರತಿ ಫೋಟೊದಲ್ಲೂ ಆ ಬೆಂಗಳೂರಿನ ಹುಡುಗನ ಲೆಕ್ಕ ಓಡಿದೆ. ನನ್ನ ಲ್ಯಾಬ್‌ಗೆ ಕೆಲಸ ಕಲಿಯಲು ಬರುವ ಪ್ರತಿ ಹುಡುಗನಿಗೂ ಇದನ್ನು ಹೇಳುತ್ತೇನೆ.

ಇದರಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಒಂದೇ ಕ್ಯಾಮೆರಾದ ಎರಡು ಫೋಟೊ ಬೇರೆ ಬೇರೆ ತೂಕ ಏಕೆ ಇರುತ್ತವೆ ಎಂದು ನೀವು ಯೋಚಿಸಿರಬಹುದು. ಬಿಳಿ ಗೋಡೆಯ ಮುಂದೆ ತೆಗೆದದ್ದು ಹಗುರ, ಏಕೆಂದರೆ ಅಲ್ಲಿ ಹಿಂಡಲು ಬೇಕಾದಷ್ಟಿದೆ. ಅಡಿಕೆ ತೋಟದ ಮುಂದೆ ತೆಗೆದದ್ದು ಭಾರ. ಒಂದೊಂದು ಸೋಗೆಯ ಗರಿಯನ್ನೂ ಬರೆದಿಡಬೇಕಲ್ಲ.

ಈಗ ‘ತೆರೆದು ನೋಡಿದರೆ ಹಾಳಾಗುತ್ತದೆ’ ಎಂಬ ಮಾತು. ಸುಳ್ಳು. ಸಾವಿರ ಸಲ ತೆರೆದು ನೋಡಿ, ಏನೂ ಆಗುವುದಿಲ್ಲ. ಒಂದು ಪೆನ್‌ಡ್ರೈವ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡಿದರೂ ಏನೂ ಆಗುವುದಿಲ್ಲ, ಕಾಪಿಯೂ ಮೂಲವೂ ಒಂದೇ. ಆದರೆ ತೆರೆದು, ಏನಾದರೂ ಬದಲಿಸಿ, ಮತ್ತೆ ಜೆಪೆಗ್ ಆಗಿ ಸೇವ್ ಮಾಡಿದರೆ ಇನ್ನೊಂದು ಸಲ ಹಿಂಡಿದಂತೆ. ಹತ್ತು ಸಲ ಹೀಗೆ ಮಾಡಿದರೆ ಜೆರಾಕ್ಸ್‌ನ ಜೆರಾಕ್ಸ್ ತೆಗೆದ ಹಾಗೆ ಆಗುತ್ತದೆ. ಈ ಎರಡನ್ನೂ ಜನ ಒಂದೇ ಎಂದುಕೊಂಡು ಆ ಮಾತು ಹುಟ್ಟಿದೆ. ಜಿಪ್ ಮಾಡಿದರೆ ಫೋಟೊ ಸಣ್ಣದಾಗುತ್ತದೆ ಎಂದೂ ಕೆಲವರು ನಂಬಿದ್ದಾರೆ. ಈಗಾಗಲೇ ಹಿಂಡಿದ ಬಟ್ಟೆಯಿಂದ ಎಷ್ಟು ನೀರು ಬಂದೀತು? ನೂರು ಫೋಟೊವನ್ನು ಒಂದೇ ಕಟ್ಟಾಗಿ ಮಾಡಲು ಜಿಪ್ ಒಳ್ಳೆಯದು, ತೂಕ ಇಳಿಸಲು ಅಲ್ಲ.

ವಾಟ್ಸ್‌ಆ್ಯಪ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಏಕೆಂದರೆ ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ದುಃಖ ನೋಡುವುದು ಇದರಿಂದಲೇ.

ಮನೆಯಲ್ಲಿ ಯಾರೋ ಹಿರಿಯರು ತೀರಿಕೊಂಡಿರುತ್ತಾರೆ. ಮಗನೋ ಅಳಿಯನೋ ಅಂಗಡಿಗೆ ಬರುತ್ತಾರೆ. ಹನ್ನೊಂದನೇ ದಿನಕ್ಕೆ, ವೈಕುಂಠ ಸಮಾರಾಧನೆಗೆ, ಇಲ್ಲವೇ ಶಿವಗಣಾರಾಧನೆಗೆ ಒಂದು ದೊಡ್ಡ ಫೋಟೊ ಬೇಕು, ಹಾರ ಹಾಕಿ ಇಡುವುದಕ್ಕೆ. ‘12ಕ್ಕೆ 18 ಹಾಕಿಕೊಡಿ ಸಾರ್’ ಎಂದು ಫೋನ್ ಮುಂದೆ ಹಿಡಿಯುತ್ತಾರೆ. ಅದು ಯಾರದೋ ಮದುವೆಯಲ್ಲಿ ತೆಗೆದದ್ದು, ಒಬ್ಬರು ಇನ್ನೊಬ್ಬರಿಗೆ ಕಳಿಸಿ, ಅವರು ಫ್ಯಾಮಿಲಿ ಗ್ರೂಪಿಗೆ ಹಾಕಿ, ಅಲ್ಲಿಂದ ಯಾರೋ ಸ್ಟೇಟಸ್‌ಗೆ ಹಾಕಿ, ಆ ಸ್ಟೇಟಸ್‌ನ ಸ್ಕ್ರೀನ್‌ಶಾಟ್. ದೊಡ್ಡದು ಮಾಡಿದರೆ ಕಣ್ಣೇ ಕಾಣುವುದಿಲ್ಲ. ‘ಮೂಲ ಫೋಟೊ ಯಾರ ಹತ್ತಿರ ಇದೆ?’ ಎಂದು ಕೇಳುತ್ತೇನೆ. ‘ಡಿಲೀಟ್ ಮಾಡಿದ್ದಾರೆ, ವಾಟ್ಸ್‌ಆ್ಯಪ್‌ನಲ್ಲಿ ಇತ್ತಲ್ಲ ಅಂತ’ ಎನ್ನುತ್ತಾರೆ. ಆ ಮುಖಗಳನ್ನು ನೋಡಿ ‘ಆಗುವುದಿಲ್ಲ’ ಎಂದು ಹೇಳುವುದು ಕಷ್ಟ. ಎಷ್ಟೋ ರಾತ್ರಿ ಕೂತು ಸರಿಮಾಡಲು ನೋಡಿದ್ದೇನೆ.

ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಫೋಟೊ ಕಳಿಸಿದರೆ ಅದರ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ, ಮೇಲಿಂದ ಜೋರಾಗಿ ಹಿಂಡುತ್ತದೆ. ಅದನ್ನು 18 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 89 ಚುಕ್ಕಿ ಮಾತ್ರ ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್‌ಗೆ ನಾವು 300 ಕೇಳುತ್ತೇವೆ. 200 ಇದ್ದರೂ ಚೆನ್ನಾಗಿ ಬರುತ್ತದೆ. ಗೋಡೆಗೆ ತೂಗಿ ಆರಡಿ ದೂರದಿಂದ ನೋಡುವುದಾದರೆ 150 ಕೂಡ ನಡೆಯುತ್ತದೆ. 89 ಎಂದರೆ ನಿಮ್ಮ ತಂಗಿಗೆ ಆದದ್ದೇ ಆಗುತ್ತದೆ. ರಸ್ತೆ ಬದಿಯ ಫ್ಲೆಕ್ಸ್ ಬ್ಯಾನರ್‌ಗೆ ಅದು ಸಾಕು, ಅದನ್ನು ದೂರದಿಂದ ನೋಡುತ್ತೇವಲ್ಲ. ಮನೆಯ ಗೋಡೆಗೆ ಸಾಲದು.

ಹಾಗೆಂದು ವಾಟ್ಸ್‌ಆ್ಯಪ್ ಬಿಡಬೇಕಿಲ್ಲ. 2023ರ ಆಗಸ್ಟ್‌ನಿಂದ ಅದರಲ್ಲಿ ಎಚ್‌ಡಿ ಎಂಬ ಆಯ್ಕೆ ಇದೆ. ಕಳಿಸುವ ಮುಂಚೆ ಮೇಲೆ ಕಾಣುವ ಎಚ್‌ಡಿ ಗುರುತು ಒತ್ತಿದರೆ ಸಾಮಾನ್ಯಕ್ಕಿಂತ ಚೆನ್ನಾಗಿ ಹೋಗುತ್ತದೆ. ಆದರೆ ಅದೂ ಮೂಲವಲ್ಲ, ಅಲ್ಲೂ ಸ್ವಲ್ಪ ಹಿಂಡುತ್ತದೆ. ಮೂಲವೇ ಹೋಗಬೇಕು ಎಂದರೆ ಪೇಪರ್ ಕ್ಲಿಪ್ ಗುರುತು ಒತ್ತಿ, ‘ಡಾಕ್ಯುಮೆಂಟ್’ ಆರಿಸಿ, ಅಲ್ಲಿಂದ ಫೋಟೊ ಕಳಿಸಿ. 2 ಜಿಬಿವರೆಗಿನ ಫೈಲ್ ಹೀಗೆ ಹೋಗುತ್ತದೆ, ಒಂದು ಚುಕ್ಕಿಯೂ ಬದಲಾಗುವುದಿಲ್ಲ. ಒಂದೇ ಎಚ್ಚರಿಕೆ. ಫೋನಿನಲ್ಲಿ ತೆಗೆದ ಫೋಟೊದ ಒಳಗೆ ತೆಗೆದ ದಿನ, ಸಮಯ, ಎಷ್ಟೋ ಸಲ ತೆಗೆದ ಜಾಗದ ನಿಖರ ಗುರುತು ಕೂಡ ಇರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಅದೂ ಜೊತೆಗೇ ಹೋಗುತ್ತದೆ. ತಂಗಿಗೆ ಹೋದರೆ ಏನೂ ಇಲ್ಲ. ಗುರುತಿಲ್ಲದವರಿಗೆ, ದೊಡ್ಡ ಗ್ರೂಪುಗಳಿಗೆ ಹಾಗೆ ಕಳಿಸಬೇಡಿ.

ಈಗ ಕೆಲಸ ಮಾಡುವ ಬಗೆ. ಫೋಟೊಗ್ರಾಫರ್ ಹತ್ತಿರದಿಂದ ಮೂಲ ಸಿಕ್ಕಿತು ಎಂದುಕೊಳ್ಳೋಣ. ಅದನ್ನು ಕಂಪ್ಯೂಟರ್‌ಗೆ ಹಾಕಿ, ಫೋಲ್ಡರ್‌ಗೆ ‘ಗೃಹಪ್ರವೇಶ ಮೂಲ – ಮುಟ್ಟಬಾರದು’ ಎಂದು ಹೆಸರಿಡಿ. ನನ್ನ ಕಂಪ್ಯೂಟರ್‌ನಲ್ಲಿ ನಿಜವಾಗಿಯೂ ಹೀಗೇ ಹೆಸರಿಟ್ಟಿದ್ದೇನೆ, ಮನೆಯವರೆಲ್ಲರಿಗೂ ಅರ್ಥವಾಗುತ್ತದೆ. ಆಮೇಲೆ ಇಡೀ ಫೋಲ್ಡರ್ ಅನ್ನು ಕಾಪಿ ಮಾಡಿ ‘ಕಳಿಸಲು’ ಎಂದು ಹೆಸರಿಡಿ. ಮುಂದಿನ ಎಲ್ಲ ಕೆಲಸ ಈ ಎರಡನೆಯದರಲ್ಲಿ ಮಾತ್ರ.

412 ಫೋಟೊವನ್ನು ಪೇಂಟ್‌ನಲ್ಲಿ ಒಂದೊಂದಾಗಿ ಮಾಡುವುದು ಬೇಡ. ವಿಂಡೋಸ್ ಇದ್ದರೆ ಮೈಕ್ರೋಸಾಫ್ಟ್‌ನದೇ ಪವರ್‌ಟಾಯ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರಲ್ಲಿ ಇಮೇಜ್ ರಿಸೈಜರ್ ಎಂಬುದಿದೆ. ಎಲ್ಲ ಫೋಟೊ ಒಟ್ಟಿಗೆ ಆರಿಸಿ, ಮೌಸ್‌ನ ಬಲಗುಂಡಿ ಒತ್ತಿ, ರಿಸೈಜ್ ಆರಿಸಿ, ಅಳತೆ ಕೊಟ್ಟರೆ ಆಯಿತು. ನಿಮ್ಮ ತರಹದ ತೊಂದರೆ ಆಗಬಾರದು ಎಂದೇ ಅದು ಮೂಲವನ್ನು ಬಿಟ್ಟು ಪಕ್ಕದಲ್ಲಿ ಹೊಸ ಫೈಲ್ ಮಾಡುತ್ತದೆ. ‘ಮೂಲವನ್ನೇ ಬದಲಿಸು’ ಎಂಬ ಅರ್ಥದ ಒಂದು ಟಿಕ್ ಇದೆ, ಅದನ್ನು ಮಾತ್ರ ಹಾಕಬೇಡಿ. ಇರ್ಫಾನ್‌ವ್ಯೂ ಎಂಬುದೂ ಚೆನ್ನಾಗಿದೆ, ಹಳೆಯ ಕಂಪ್ಯೂಟರ್‌ನಲ್ಲೂ ಸಲೀಸಾಗಿ ಓಡುತ್ತದೆ. ತಂಗಿಯ ಹತ್ತಿರ ಮ್ಯಾಕ್ ಇದ್ದರೆ ಅವಳಿಗೊಂದು ಮಾತು ಹೇಳಿ. ಮ್ಯಾಕ್‌ನ ಪ್ರಿವ್ಯೂನಲ್ಲಿ ಅಳತೆ ಬದಲಿಸಿದರೆ ಅದು ಕೇಳದೆಯೇ ಮೂಲದ ಮೇಲೆ ಸೇವ್ ಮಾಡಿಬಿಡುತ್ತದೆ. ಮೊದಲು ಡೂಪ್ಲಿಕೇಟ್ ಮಾಡಿಕೊಂಡೇ ಶುರು ಮಾಡಬೇಕು.

ಅಳತೆ ಎಷ್ಟು ಕೊಡಬೇಕು? ಫೋನ್, ಲ್ಯಾಪ್‌ಟಾಪ್, ಟಿವಿಯಲ್ಲಿ ನೋಡಲಿಕ್ಕೆ ಉದ್ದದ ಬದಿ 1920 ಅಥವಾ 2048 ಸಾಕು. ಶೇಕಡಾ ಲೆಕ್ಕ ಬಿಡಿ, ಪಿಕ್ಸೆಲ್ ಲೆಕ್ಕದಲ್ಲೇ ಕೊಡಿ. ಅಡ್ಡ ಉದ್ದಗಳ ಅನುಪಾತ ಉಳಿಸುವ ಟಿಕ್ ಇರಲಿ, ಇಲ್ಲದಿದ್ದರೆ ಎಲ್ಲರೂ ದಪ್ಪಗೋ ತೆಳ್ಳಗೋ ಆಗುತ್ತಾರೆ. ಜೆಪೆಗ್ ಗುಣಮಟ್ಟ ಕೇಳಿದರೆ 80ರಿಂದ 85 ಕೊಡಿ. ನನ್ನ ಅನುಭವದಲ್ಲಿ 85ಕ್ಕೂ 100ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ತೂಕ ಮಾತ್ರ ಎಷ್ಟೋ ಪಟ್ಟು ಜಾಸ್ತಿ. 70ರ ಕೆಳಗೆ ಇಳಿದರೆ ಮುಖದ ಚರ್ಮದ ಮೇಲೆ, ರೇಷ್ಮೆ ಸೀರೆಯ ಜರಿಯಲ್ಲಿ ಹಾನಿ ಕಾಣಲು ಶುರುವಾಗುತ್ತದೆ. ಹೀಗೆ ಮಾಡಿದರೆ ಒಂದೊಂದು ಫೋಟೊ ಸುಮಾರು 500–700 ಕೆಬಿ ಆದೀತು. ಮೂರೂವರೆ ಜಿಬಿ ಇದ್ದದ್ದು 250 ಎಂಬಿ ಆಸುಪಾಸಿಗೆ ಬರುತ್ತದೆ. ನಿಮ್ಮ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಎಂದು ನನಗೂ ಗೊತ್ತು. 250 ಎಂಬಿ ಆದರೆ ಒಂದು ಸಂಜೆಯಲ್ಲಿ ಹೋಗುತ್ತದೆ.

ಅಷ್ಟು ಸಣ್ಣದಾದರೂ ಎಲ್ಲವನ್ನೂ ಇಮೇಲ್‌ನಲ್ಲಿ ಕಳಿಸಲು ಆಗದು. ಜಿಮೇಲ್‌ನ ಮಿತಿ 25 ಎಂಬಿ. ಕಳಿಸುವಾಗ ಫೈಲ್ ಅನ್ನು ಅಕ್ಷರಗಳಾಗಿ ಬದಲಿಸುವುದರಿಂದ ಅದು ಮೂರರಲ್ಲಿ ಒಂದು ಪಾಲು ಉಬ್ಬುತ್ತದೆ. ಆದ್ದರಿಂದ ನಿಜವಾಗಿ ಹಿಡಿಸುವುದು 18 ಎಂಬಿ ಹತ್ತಿರ. 9 ಎಂಬಿಯ ಎರಡು ಫೋಟೊ ಹೋಗಿ ಮೂರನೆಯದು ನಿಂತದ್ದು ಇದಕ್ಕೇ. ಸಣ್ಣದು ಮಾಡಿದ ಮೇಲೆ ಒಂದು ಇಮೇಲ್‌ಗೆ 25 ಫೋಟೊ ಆರಾಮವಾಗಿ ಹಿಡಿಸುತ್ತದೆ. ಎಲ್ಲ 412 ಬೇಕೆಂದರೆ ಗೂಗಲ್ ಡ್ರೈವ್‌ಗೆ ಹಾಕಿ ಕೊಂಡಿ ಕಳಿಸಿ. ಕೊಂಡಿ ಕೊಡುವಾಗ ‘ಕೊಂಡಿ ಇರುವ ಯಾರು ಬೇಕಾದರೂ ನೋಡಬಹುದು’ ಎಂದು ಬಿಡಬೇಡಿ, ತಂಗಿಯ ಇಮೇಲ್ ವಿಳಾಸ ಮಾತ್ರ ಸೇರಿಸಿ. ಮನೆಯ ಮಕ್ಕಳ ಫೋಟೊ ಇರುತ್ತದೆ ಅಲ್ವಾ. ಡ್ರೈವ್, ಜಿಮೇಲ್, ಗೂಗಲ್ ಫೋಟೋಸ್ ಮೂರಕ್ಕೂ ಸೇರಿ ಉಚಿತವಾಗಿ ಸಿಗುವುದು 15 ಜಿಬಿ. ತಂಗಿಗೆ ದೊಡ್ಡ ಪ್ರಿಂಟ್ ಬೇಕಾದ ಹತ್ತಿಪ್ಪತ್ತು ಫೋಟೊ ಮಾತ್ರ ಮೂಲದ ಫೋಲ್ಡರ್‌ನಿಂದ ಹಾಗೆಯೇ ಕಳಿಸಿ. ಉಳಿದವು ಸಣ್ಣವೇ ಸಾಕು. ಗೂಗಲ್ ಫೋಟೋಸ್‌ನಲ್ಲಿ ಜಾಗ ಉಳಿಸುವ ಆಯ್ಕೆ ಹಾಕಿದ್ದರೆ ಅದು 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೊಗಳನ್ನು 16ಕ್ಕೆ ಇಳಿಸುತ್ತದೆ. ಮನೆಯ ಬಳಕೆಗೆ ಅದೇನೂ ಕೆಟ್ಟದ್ದಲ್ಲ, ಆದರೆ ಅದನ್ನೇ ಮೂಲ ಎಂದು ನಂಬಿ ಪೆನ್‌ಡ್ರೈವ್ ಖಾಲಿ ಮಾಡಬೇಡಿ.

ತಂಗಿ ಐಫೋನ್‌ನಿಂದ ತೆಗೆದು ಕಳಿಸಿದ ಫೋಟೊ ನಿಮ್ಮ ಹಳೆಯ ಕಂಪ್ಯೂಟರ್‌ನಲ್ಲಿ ತೆರೆಯದಿದ್ದರೆ ಗಾಬರಿ ಬೇಡ. 2017ರ ನಂತರ ಐಫೋನ್‌ಗಳು ಎಚ್‌ಇಐಸಿ ಎಂಬ ಬೇರೆ ರೂಪದಲ್ಲಿ ಫೋಟೊ ಉಳಿಸುತ್ತವೆ. ಕ್ಯಾಮೆರಾ ಸೆಟ್ಟಿಂಗ್‌ನ ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿಕೊಂಡರೆ ಮುಂದೆ ತೆಗೆಯುವುದೆಲ್ಲ ಜೆಪೆಗ್ ಆಗಿ ಬರುತ್ತದೆ.

ಮಗನ ಅರ್ಜಿಯ ಫೋಟೊ ಬೇರೆಯದೇ ಲೆಕ್ಕ. ಇಲ್ಲಿ ತಪ್ಪಿದರೆ ಅರ್ಜಿಯೇ ತಿರಸ್ಕಾರ ಆಗಬಹುದು. ಐಬಿಪಿಎಸ್ ಬ್ಯಾಂಕ್ ಪರೀಕ್ಷೆಗಳ ಅರ್ಜಿಯಲ್ಲಿ ಫೋಟೊ 200ಕ್ಕೆ 230 ಪಿಕ್ಸೆಲ್, 20ರಿಂದ 50 ಕೆಬಿ ಒಳಗೆ ಕೇಳುತ್ತಾರೆ. ಸಹಿ 140ಕ್ಕೆ 60 ಪಿಕ್ಸೆಲ್, 10ರಿಂದ 20 ಕೆಬಿ. ಬೇರೆ ಪರೀಕ್ಷೆಗಳಿಗೆ ಬೇರೆ ಅಳತೆ ಇರುತ್ತದೆ, ಆಯಾ ಅಧಿಸೂಚನೆ ಓದಿಯೇ ಮಾಡಬೇಕು. ಎಲ್ಲರೂ ‘50ರ ಒಳಗೆ’ ಎಂಬುದನ್ನು ಮಾತ್ರ ನೋಡುತ್ತಾರೆ. 20ಕ್ಕಿಂತ ಕಡಿಮೆ ಆಗಬಾರದು ಎಂಬುದನ್ನು ನೋಡುವುದಿಲ್ಲ. 12 ಕೆಬಿಗೆ ಇಳಿಸಿಕೊಂಡು ಬಂದು ‘ಇನ್ನೂ ತಗೊಳ್ತಾ ಇಲ್ಲ ಸಾರ್’ ಎನ್ನುವ ಹುಡುಗರನ್ನು ಪ್ರತಿ ವರ್ಷ ನೋಡುತ್ತೇನೆ.

ಕ್ರಮ ಮುಖ್ಯ. ಮೊದಲು ಮುಖ ಮತ್ತು ಭುಜ ಬರುವಂತೆ ಕತ್ತರಿಸಬೇಕು. ಆಮೇಲೆ ಪಿಕ್ಸೆಲ್ ಅಳತೆಗೆ ಇಳಿಸಬೇಕು. ಕೊನೆಗೆ ಗುಣಮಟ್ಟದ ಅಂಕಿ ಹೆಚ್ಚುಕಡಿಮೆ ಮಾಡಿ ತೂಕ ಹೊಂದಿಸಬೇಕು. ಇಡೀ ಫೋಟೊವನ್ನು ಹಾಗೆಯೇ ಹಿಂಡಿ 50 ಕೆಬಿಗೆ ತರಲು ಹೋದರೆ ಮುಖ ಹಾಳಾಗುತ್ತದೆ. ಇದಕ್ಕೆ ಸ್ಕ್ವೂಶ್ ಎಂಬ ಉಚಿತ ಸಾಧನ ಚೆನ್ನಾಗಿದೆ. ಗೂಗಲ್ ಕ್ರೋಮ್ ತಂಡದವರು ಮಾಡಿದ್ದು. ಬ್ರೌಸರ್‌ನಲ್ಲೇ ಓಡುತ್ತದೆ, ಫೋಟೊ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ. ಗುಣಮಟ್ಟದ ಪಟ್ಟಿ ಎಳೆದ ಹಾಗೆ ಎಷ್ಟು ಕೆಬಿ ಆಯಿತು ಎಂದು ಕೆಳಗೆ ತೋರಿಸುತ್ತಾ ಹೋಗುತ್ತದೆ. ಫೋಟೊ ಸಣ್ಣದು ಮಾಡಿಕೊಡುತ್ತೇವೆ ಎನ್ನುವ ಗುರುತು ಪರಿಚಯವಿಲ್ಲದ ಜಾಲತಾಣಗಳಿಗೆ ಮಗನ ಫೋಟೊ ಮತ್ತು ಸಹಿ ಹಾಕಬೇಡಿ. ಆಧಾರ್ ಕಾರ್ಡ್, ಅಂಕಪಟ್ಟಿಯ ಪ್ರತಿಗಳನ್ನಂತೂ ಹಾಕಲೇಬೇಡಿ. ಸಹಿ ಮತ್ತು ಮುಖ ಎರಡೂ ಒಟ್ಟಿಗೆ ಯಾರದೋ ಕೈಗೆ ಹೋಗುವುದು ಒಳ್ಳೆಯದಲ್ಲ. ಸೈಬರ್ ಸೆಂಟರ್‌ನಲ್ಲಿ ಮಾಡಿಸಿದರೆ ಎದ್ದು ಬರುವ ಮುಂಚೆ ಡೌನ್‌ಲೋಡ್ ಫೋಲ್ಡರ್‌ನಿಂದಲೂ ರಿಸೈಕಲ್ ಬಿನ್‌ನಿಂದಲೂ ಅಳಿಸಿ ಬರಲು ಮಗನಿಗೆ ಹೇಳಿ.

ಕೊನೆಗೆ ಅತ್ತೆಯವರ ಫೋಟೊ.

ಫೋಟೊಗ್ರಾಫರ್ ಹತ್ತಿರ ಮೂಲ ಸಿಕ್ಕರೆ ಈ ಚಿಂತೆಯೇ ಇಲ್ಲ. ಅವರ ಹತ್ತಿರವೂ ಇಲ್ಲ, ಪೆನ್‌ಡ್ರೈವ್‌ನಿಂದಲೂ ಬರಲಿಲ್ಲ ಎಂದರೆ ಅಂದು ಬಂದಿದ್ದ ನೆಂಟರನ್ನು ಕೇಳಿ. ಪೆನ್‌ಡ್ರೈವ್ ಕೈಗೆ ಬಂದಾಗ ಯಾರಾದರೂ ತಮ್ಮ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿಕೊಂಡಿದ್ದರೆ? ಆಲ್ಬಂ ಮಾಡಿಸಿದ್ದರೆ ಆಲ್ಬಂ ವಿನ್ಯಾಸ ಮಾಡಿದವರ ಹತ್ತಿರ ಇರಬಹುದು. ಆಲ್ಬಂನಲ್ಲಿ ಆ ಫೋಟೊ ಪ್ರಿಂಟ್ ಆಗಿದ್ದರೆ ಅದನ್ನೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಬಹುದು. ಇಲ್ಲಿ ಡಿಪಿಐ ಚೀಟಿಯ ಮಾತಲ್ಲ, ನಿಜವಾಗಿ ಇಂಚಿಗೆ 600 ಚುಕ್ಕಿ ಓದುತ್ತದೆ.

ಎಲ್ಲೂ ಸಿಗಲಿಲ್ಲ ಎಂದೇ ಇಟ್ಟುಕೊಳ್ಳಿ. ‘ಎಐನಿಂದ ದೊಡ್ಡದು ಮಾಡಿಕೊಡ್ತೀವಿ’ ಎನ್ನುವವರು ಈಗ ಊರೂರಿಗೂ ಇದ್ದಾರೆ. ನನ್ನ ಲ್ಯಾಬ್‌ನಲ್ಲೂ ಆ ತಂತ್ರಾಂಶ ಇದೆ. ಹೋದ ಚುಕ್ಕಿಗಳನ್ನು ಅದು ಹುಡುಕಿ ತರುವುದಿಲ್ಲ, ಬೇರೆ ಸಾವಿರಾರು ಮುಖಗಳನ್ನು ನೋಡಿ ಕಲಿತದ್ದರಿಂದ ಊಹಿಸಿ ತುಂಬುತ್ತದೆ. ಗೋಡೆ, ಗಿಡ, ಸೀರೆಯ ಅಂಚಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮುಖಕ್ಕೆ ಮಾತ್ರ ಹುಷಾರು. ಕಣ್ಣಿನ ಕೆಳಗಿನ ಸುಕ್ಕು ಹೋಗುತ್ತದೆ, ಹುಬ್ಬಿನ ಆಕಾರ ಬದಲಾಗುತ್ತದೆ, ನೋಡಿದವರು ‘ಇದು ಅತ್ತೆ ಹೌದು, ಆದ್ರೂ ಅಲ್ಲ’ ಎನ್ನುತ್ತಾರೆ. ಅಂಥ ಫೋಟೊ ನೋಡಿ ಅತ್ತವರನ್ನು ನಾನು ಕಂಡಿದ್ದೇನೆ. ಮಾಡಿಸುವುದಾದರೆ ಎರಡು ಪಟ್ಟಿಗಿಂತ ಹೆಚ್ಚು ಬೇಡ ಎನ್ನಿ, ಮುಖವನ್ನು ‘ಸರಿ ಮಾಡಬೇಡಿ’ ಎಂದು ಬಾಯಿಬಿಟ್ಟು ಹೇಳಿ. ಸಣ್ಣ ಮೂಲವನ್ನು ಪಕ್ಕದಲ್ಲೇ ಇಟ್ಟುಕೊಂಡು ಹೋಲಿಸಿ ನೋಡಿ.

ಆದರೆ ಅದೂ ಬೇಕಿಲ್ಲ ಎಂದು ನನಗನಿಸುತ್ತದೆ. ನೆನಪಿಟ್ಟುಕೊಳ್ಳಿ ಎಂದ ಅಂಕಿಗೆ ಬನ್ನಿ. ಜಗಲಿಯ ಮೇಲೆ ಕೂತ ಫೋಟೊ ನಿಲುವಾಗಿ ತೆಗೆದದ್ದಾದರೆ ನಿಮ್ಮ ಹತ್ತಿರ ಈಗಲೂ 1000ಕ್ಕೆ 1500 ಚುಕ್ಕಿ ಇದೆ. 12ಕ್ಕೆ 18ಕ್ಕೆ ಅದು ಸಾಲದು. 4ಕ್ಕೆ 6 ಇಂಚಿಗೆ ಹಾಕಿದರೆ ಇಂಚಿಗೆ 250 ಚುಕ್ಕಿ ಸಿಗುತ್ತದೆ, ತುಂಬ ಚೆನ್ನಾಗಿ ಬರುತ್ತದೆ. 5ಕ್ಕೆ 7ಕ್ಕೆ ಹಾಕಿದರೂ 200. ಅದನ್ನು 5ಕ್ಕೆ 7 ಪ್ರಿಂಟ್ ಹಾಕಿಸಿ, ಮ್ಯಾಟ್ ಕಾಗದದ ಮೇಲೆ. 10ಕ್ಕೆ 12 ಇಂಚಿನ ಕಟ್ಟು ತೆಗೆದುಕೊಂಡು, ಸುತ್ತ ಅಗಲವಾದ ಬಿಳಿ ಅಂಚು ಬಿಟ್ಟು ಮಧ್ಯದಲ್ಲಿ ಕೂರಿಸಲು ಹೇಳಿ. ಗೋಡೆಯ ಮೇಲೆ ಅದು ಸಣ್ಣದು ಎಂದು ಅನಿಸುವುದಿಲ್ಲ, ಮುಖವೂ ಅವರದ್ದೇ ಇರುತ್ತದೆ. ಆ ಸಣ್ಣ ಫೈಲ್ ಅನ್ನು ಮಾತ್ರ ಇನ್ನು ಯಾವುದರಲ್ಲೂ ತೆರೆದು ಸೇವ್ ಮಾಡಬೇಡಿ. ಕಂಪ್ಯೂಟರ್‌ನಲ್ಲಿ ಒಂದು, ಹೊಸ ಪೆನ್‌ಡ್ರೈವ್‌ನಲ್ಲಿ ಒಂದು ಕಾಪಿ ಇಟ್ಟು, ಮೂರನೆಯದನ್ನು ತಂಗಿಗೆ ಡಾಕ್ಯುಮೆಂಟ್ ಆಗಿ ಕಳಿಸಿಬಿಡಿ.